ಹಿತ್ತಾಳೆ ಕಂಡ ಮೇಲೆ ಒಂದು ಸುತ್ತು

ಮರ ಹುಟ್ಟಿನಿಂದಲೇ ಗುಂಡಗಿರುತ್ತದೆ. ಪೆನ್ನೂ ಗುಂಡಗೇ ಇರಬೇಕು. ನಡುವೆ ನಾನೊಬ್ಬಳು ಕುಳಿತು ಆ ಗುಂಡನೆಯ ಕೊಂಬೆಯನ್ನು ನಾಲ್ಕೂ ಕಡೆ ಕೊಯ್ದು ಚೌಕ ಮಾಡುತ್ತೇನೆ. ಚೌಕ ಮಾಡಿದ್ದನ್ನು ಲೇತಿಗೆ ಸಿಕ್ಕಿಸಿ ಮತ್ತೆ ಗುಂಡಗೆ ಮಾಡುತ್ತೇನೆ. ಈ ಕೆಲಸಕ್ಕೆ ಜನ ಕಾಸು ಕೊಡುತ್ತಾರೆ ಎಂಬುದು ನನಗೇ ಇನ್ನೂ ಪೂರ್ತಿ ನಂಬಿಕೆಯಾಗಿಲ್ಲ. ಮೊದಲ ದಿನ ಇದನ್ನು ನೋಡಿದ ನಮ್ಮ ಯಜಮಾನರು, "ಅದು ಮೊದ್ಲೇ ಗುಂಡಗಿತ್ತಲ್ಲೇ ಮಾರಾಯ್ತಿ" ಎಂದರು. ಅದಕ್ಕೆ ಉತ್ತರ ಈಗ ಇದೆ. ಮಕ್ಕಳನ್ನು ಶಾಲೆಗೆ ಕಳಿಸಿ, ಮೂಲೆ ಮೂಲೆ ಏಳುವಂತೆ ಮಾಡಿಸಿ, ಆಮೇಲೆ ಕೆಲಸಕ್ಕೆ ಸೇರಿಸಿ ಆ ಮೂಲೆಗಳನ್ನೆಲ್ಲ ಸವೆಸಿ ಮತ್ತೆ ಉರುಳುವಂತೆ ಮಾಡುವುದಿಲ್ಲವೇ? ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಪೆನ್ನು ಮಾಡುವ ಹೆಂಗಸನ್ನು ಮಾತ್ರ ಪ್ರಶ್ನಿಸುತ್ತಾರೆ.

ಸಾಗರದಲ್ಲಿ ನಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ಡಿದೆ. ಅದರಲ್ಲಿ ನಾನೂ ಒಂದು ಹಳೆಯ ಲೇತೂ ಇದ್ದೇವೆ. ಇಬ್ಬರೂ ಎರಡನೆಯ ಕೈ ದಾಟಿ ಮೂರನೆಯ ಕೈಗೆ ಬಂದವರಂತೆ ಕಿರುಗುಟ್ಟುತ್ತೇವೆ. ಶುರು ಮಾಡಿದ್ದು ಕುಂಕುಮದ ಭರಣಿಯಿಂದ. ನಂತರ ಲಟ್ಟಣಿಗೆ, ತೊಟ್ಟಿಲಿನ ಗುಬುಟು. ಕೆತ್ತನೆ ಕೆಲಸದವರು ಬೇಡವೆಂದು ಬಿಟ್ಟ ಮರದ ಚೂರುಗಳನ್ನು ಚೀಲದ ಲೆಕ್ಕದಲ್ಲಿ ತರುತ್ತಿದ್ದೆ. ಅವರು ಒಲೆಗೆಂದು ತಿಳಿದು ಕೊಡುತ್ತಿದ್ದರು, ನಾನೂ ಒಲೆಗೆಂಬ ಮುಖ ಮಾಡಿಕೊಂಡೇ ತರುತ್ತಿದ್ದೆ. ವ್ಯಾಪಾರ ಮಾಡುವವರಿಗೆ ನನ್ನ ಮೊದಲ ಬುದ್ಧಿಮಾತು ಇದೇ: ಬೇಕಾದ ವಸ್ತುವನ್ನು ನೋಡುವಾಗ ಪಕ್ಕದ ವಸ್ತುವನ್ನು ನೋಡಿ.

ಪೆನ್ನು ಮಾಡುವುದನ್ನು ಕಲಿಸಿದ್ದು ಮೊಬೈಲು. ಯಾವುದೋ ದೇಶದ ಬಿಳಿಗಡ್ಡದ ಅಜ್ಜಂದಿರು, ನಮ್ಮ ಮನೆಗಿಂತ ದೊಡ್ಡ ಗ್ಯಾರೇಜಿನಲ್ಲಿ ನಿಂತು, ನಮ್ಮ ಅಡುಗೆಮನೆಗಿಂತ ಚೊಕ್ಕವಾದ ಮೇಜಿನ ಮೇಲೆ ಮಾಡಿ ತೋರಿಸುತ್ತಿದ್ದರು. ಅವರ ಭಾಷೆ ನನಗೆ ಅರ್ಥವಾಗುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು. ಮಾತು ಅರ್ಥವಾಗದಿದ್ದರೆ ಕೈಯನ್ನೇ ನೋಡಬೇಕಾಗುತ್ತದೆ, ಕೈ ಸುಳ್ಳು ಹೇಳುವುದು ಕಡಿಮೆ.

ಕೆಲಸ ಹೇಳಿಬಿಡುತ್ತೇನೆ, ನಾಳೆ ನಿಮಗೂ ಹುಕಿ ಬರಬಹುದು. ಬೆರಳುದ್ದದ ಚೌಕ ತುಂಡಿನ ನಡುವೆ ಉದ್ದಕ್ಕೂ ತೂತು ಕೊರೆಯಬೇಕು. ತುಂಡು ನೇರವಾಗಿ ನಿಂತರೆ ತೂತೂ ನೇರ, ಅದಕ್ಕೇ ಚೌಕ. ಆ ತೂತಿನೊಳಗೆ ಹಿತ್ತಾಳೆಯ ಸಣ್ಣ ಕೊಳವೆಯನ್ನು ಅಂಟು ಹಾಕಿ ಕೂರಿಸಬೇಕು. ಮರ ಕೊಳವೆಗಿಂತ ಅಕ್ಕಿಕಾಳಿನಷ್ಟು ಉದ್ದವಿರಲಿ. ಅಂಟು ಒಣಗಿದ ಮೇಲೆ ಆ ಹೆಚ್ಚಿನದನ್ನು ಎರಡೂ ತುದಿಯಲ್ಲಿ ತರಿದು ತೆಗೆಯಬೇಕು. ಅದಕ್ಕೊಂದು ಹಲ್ಲಿನ ಉಪಕರಣವಿದೆ, ಟ್ರಿಮ್ಮರ್ ಎನ್ನುತ್ತಾರೆ. ಅದರ ಕಡ್ಡಿಯನ್ನು ಕೊಳವೆಯೊಳಗೆ ತೂರಿಸಿ ತಿರುಗಿಸಿದರೆ ಹಲ್ಲು ಮರದ ತುದಿಯನ್ನು ಸಮನಾಗಿ ಕೆರೆಯುತ್ತದೆ. ಕೆರೆಯುತ್ತ ಹೋದಂತೆ ಹಿತ್ತಾಳೆಯ ಅಂಚು ಮೊದಲು ಒಂದು ಕಡೆ ಹೊಳೆಯುತ್ತದೆ, ಆಮೇಲೆ ಅರ್ಧ, ಆಮೇಲೆ ಪೂರ್ತಿ ಉಂಗುರ. ಉಂಗುರ ಕಂಡ ಕ್ಷಣ ನಿಲ್ಲಿಸಬೇಕು. ಮೊದಲೇ ನಿಲ್ಲಿಸಿದರೆ ತುದಿ ಓರೆ, ಪೆನ್ನು ಜೋಡಿಸಿದಾಗ ಸಂದಿನಲ್ಲಿ ಉಗುರು ಹೋಗುತ್ತದೆ. ತಡವಾಗಿ ನಿಲ್ಲಿಸಿದರೆ ಹಿತ್ತಾಳೆಯೂ ಸವೆದು ಕೊಳವೆ ಗಿಡ್ಡವಾಗುತ್ತದೆ. ನನ್ನವು ತಿರುಗಿಸಿದರೆ ಮೊನೆ ಹೊರಬಂದು ಒಳಹೋಗುವ ಪೆನ್ನುಗಳು; ಆಗ ಎಷ್ಟು ತಿರುಗಿಸಿದರೂ ರಿಫಿಲ್ಲಿನ ಮೊನೆ ಒಳಗೆ ಹೋಗುವುದಿಲ್ಲ, ಪೆನ್ನು ಸದಾ ನಾಲಿಗೆ ಚಾಚಿಕೊಂಡೇ ಇರುತ್ತದೆ.

ಇಷ್ಟು ಚೆನ್ನಾಗಿ ಹೇಳಿದೆನಲ್ಲ, ಇನ್ನು ನನ್ನ ದೋಷ ಹೇಳುತ್ತೇನೆ. ನನಗೆ ಉಂಗುರ ಕಂಡ ಕ್ಷಣ ನಿಲ್ಲಿಸಲು ಬರುವುದಿಲ್ಲ. ಇದು ಕೈಯ ದೋಷವಲ್ಲ, ಕಸುಬಿನ ದೋಷ. ಚೌಕಾಸಿಯಲ್ಲಿ ನನ್ನದೊಂದು ಪದ್ಧತಿಯಿದೆ. ಎದುರಿನವರು "ಇದೇ ಕೊನೆ ಮಾತು" ಎಂದ ಮೇಲೆ ನಾನು ಇನ್ನೊಂದು ಸುತ್ತು ಕೇಳುತ್ತೇನೆ. ಹೆಚ್ಚಿನ ಸಲ ಏನಾದರೂ ಸಿಗುತ್ತದೆ. ಒಂದು ತುಂಡು ಮರ, ಒಂದು ಹಳೆಯ ಉಳಿ, ಏನೂ ಇಲ್ಲದಿದ್ದರೆ ಒಂದು ಲೋಟ ಚಹಾ. ಹೀಗೆ ಮನುಷ್ಯರ ಮೇಲೆ ರೂಢಿಯಾದದ್ದು ಹಿತ್ತಾಳೆಯ ಮೇಲೂ ನಡೆಯುತ್ತದೆ. ಇದೇ ಕೊನೆ ಎಂದು ಹಿತ್ತಾಳೆ ಹೊಳೆಯುತ್ತಿರುತ್ತದೆ, ನನ್ನ ಕೈ ಇನ್ನೊಂದು ಸುತ್ತು ಕೇಳುತ್ತಿರುತ್ತದೆ. ಗಿಡ್ಡವಾದ ಪೆನ್ನಿಗೆ ಬೇರೆ ಬಣ್ಣದ ಮರದ ಬಳೆ ತೊಡಿಸಿ ಉದ್ದ ಮಾಡಿ, "ಇದು ಹೊಸ ಡಿಸೈನು" ಎಂದು ಮಾರುತ್ತೇನೆ. ನನ್ನ ಅಂಗಡಿಯಲ್ಲಿ ಹೊಸ ಡಿಸೈನುಗಳು ಬಹಳ.

ಈ ಪೆನ್ನುಗಳನ್ನು ಕೊಳ್ಳುವವರು ಯಾರು? ಬರೆಯುವವರಂತೂ ಅಲ್ಲ. ನಮ್ಮ ಸೀಮೆಯಲ್ಲಿ ಸನ್ಮಾನವಿಲ್ಲದ ಭಾನುವಾರವಿಲ್ಲ. ಶಾಲು, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯ ನೆನಪಿನ ಕಾಣಿಕೆ, ಇವುಗಳ ಸಾಲಿಗೆ ಈಗ ಹೆಸರು ಕೊರೆದ ಮರದ ಪೆನ್ನು ಸೇರಿದೆ. ಹೊಸನಗರದ ಒಬ್ಬ ಅಧ್ಯಕ್ಷರು (ಎಂತದರ ಅಧ್ಯಕ್ಷರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ) ಒಟ್ಟಿಗೆ ಇಪ್ಪತ್ತು ಪೆನ್ನು ಮಾಡಿಸಿದರು. "ರಿಫಿಲ್ಲು ಯಾವುದು ಹಾಕ್ಲಿ?" ಎಂದು ಕೇಳಿದೆ. ಅವರು ನನ್ನನ್ನು ಹಳ್ಳಿಯವಳನ್ನು ನೋಡುವಂತೆ ನೋಡಿ, "ರಿಫಿಲ್ಲು ಹಾಕ್ಲೇಬೇಕಾ ಅಕ್ಕಾ? ಪೆಟ್ಟಿಗೆ ಮಾತ್ರ ಚೊಲೋದಿರ್ಲಿ" ಎಂದರು. ಆ ಇಪ್ಪತ್ತರಲ್ಲೊಂದು ಪೆನ್ನಿನ ತುದಿ ಓರೆಯಾಗಿತ್ತು. ಇಂದಿನವರೆಗೂ ಒಬ್ಬರೂ ದೂರಿಲ್ಲ. ಅದನ್ನು ಪಡೆದ ಮಹನೀಯರು ಪೆಟ್ಟಿಗೆಯ ಮುಚ್ಚಳ ತೆಗೆದಿದ್ದರೆ ತಾನೆ!

ಹಿಂದೆ ಹೀಗಿರಲಿಲ್ಲ ಎನ್ನಲು ಬಾಯಿ ಬರುತ್ತದೆ, ಆದರೆ ಹಿಂದೆಯೂ ಹೀಗೇ ಇತ್ತೇನೋ. ಒಮ್ಮೆ ಹುಂಚದ ಜೈನ ಮಠಕ್ಕೆ ಬಸ್ಸಿನಲ್ಲಿ ಹೋದಾಗ ಹಳೆಯ ತಾಳೆಗರಿಯ ಕಟ್ಟೊಂದನ್ನು ನೋಡುವ ಅವಕಾಶ ಸಿಕ್ಕಿತು. ಜೊತೆಗಿದ್ದವರೆಲ್ಲ ಅಕ್ಷರ ನೋಡಿ ಕೈಮುಗಿದರು. ನಾನು ಅಂಚು ನೋಡಿದೆ. ಅಷ್ಟೊಂದು ಗರಿಗಳು, ಎಲ್ಲವೂ ಒಂದೇ ಉದ್ದ, ಒಂದೇ ಅಗಲ, ಪಕ್ಕದಿಂದ ನೋಡಿದರೆ ರಂಧ ಹೊಡೆದು ನುಣುಪು ಮಾಡಿದ ಹಲಗೆಯಂತೆ! ಬರೆಯುವುದಕ್ಕೆ ಮೊದಲು ಯಾರೋ ಕುಳಿತು ಒಂದೊಂದನ್ನೂ ಅಳತೆಗೆ ಕತ್ತರಿಸಿರಬೇಕು. ಇಂಥ ಕಟ್ಟುಗಳ ಕೊನೆಯಲ್ಲಿ ಬರೆದವರ ಹೆಸರಿರುತ್ತದೆ, ಬರೆಸಿದವರ ಹೆಸರಿರುತ್ತದೆ ಎಂದು ತಿಳಿದವರು ವಿವರಿಸಿದರು. "ಅಂಚು ಕತ್ತರಿಸಿದವರದ್ದು?" ಎಂದೆ. ಅವರಿಗೆ ಆ ಪ್ರಶ್ನೆ ಹಿಡಿಸಲಿಲ್ಲ. ಕೆಲಸ ಸರಿಯಾಗಿದ್ದರೆ ಕಾಣದೆ ಹೋಗುವುದು, ತಪ್ಪಾದರೆ ಮಾತ್ರ ಕಣ್ಣಿಗೆ ಹೊಡೆಯುವುದು, ಅಂಚಿನ ಕೆಲಸದ ಹಣೆಬರಹ.

ಹೀಗೆ ಯಾರೂ ನೋಡದ ಅಂಚುಗಳನ್ನು ಮಾಡುತ್ತ ನೆಮ್ಮದಿಯಾಗಿದ್ದವಳ ಶೆಡ್ಡಿಗೆ, ಕಳೆದ ವರ್ಷ ಒಂದು ಗುರುವಾರ, ಅಂಚು ನೋಡುವ ಕಣ್ಣೊಂದು ಬಂದಿತು. ಸುಶೀಲಮ್ಮ ಟೀಚರು. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಕಡೆ; ಮೂರನೆಯ ತರಗತಿಯಿಂದ ಐದರವರೆಗೆ ನನಗೆ ಅಕ್ಷರ ಕಲಿಸಿದವರು, ಅಂದರೆ ಕಲಿಸಲು ಪ್ರಯತ್ನಪಟ್ಟವರು ಇವರೇ. ಎಂಬತ್ತು ದಾಟಿದೆ. ತೀರ್ಥಹಳ್ಳಿಯಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಬಗಲಲ್ಲಿ ಒಂದು ಬಟ್ಟೆಚೀಲ. ಕೂರುವ ಮೊದಲೇ ಅದರಿಂದ ಒಂದು ಪೆಟ್ಟಿಗೆ ತೆಗೆದರು. ಯಾವುದೋ ಸನ್ಮಾನದಲ್ಲಿ ಅವರಿಗೆ ಸಿಕ್ಕಿದ ನನ್ನದೇ ಪೆನ್ನು.

"ಇದು ನೀ ಮಾಡಿದ್ದಾ ರತ್ನಾ?"

"ಹೌದು ಟೀಚರೇ." ನನ್ನ ಎದೆ ಉಬ್ಬಿತು.

"ಹಿಡಿಯೋಕೇ ಬರಲ್ಲ. ಊದುಕಡ್ಡಿ ಹಂಗಿದೆ, ಜಾರ್ತದೆ."

ಉಬ್ಬಿದ್ದು ಇಳಿಯಿತು. ಆಗ ಅವರ ಕೈ ನೋಡಿದೆ. ಬಲಗೈ ನಡುಗುತ್ತಿತ್ತು. ಚಳಿಗೆ ನಡುಗುವಂತಲ್ಲ, ಒಳಗಡೆ ಯಾರೋ ಸಣ್ಣ ಯಂತ್ರ ಓಡಿಸುತ್ತಿರುವಂತೆ, ಬಿಡುವಿಲ್ಲದೆ. ಸಂಗತಿ ಇಷ್ಟು: ಅವರ ಪಿಂಚಣಿ ಬರುವ ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ. ಎರಡು ಸಲ ಹಣ ತೆಗೆಯುವ ಚೀಟಿ ವಾಪಸಾಗಿದೆ. ಸೋಮವಾರ ಬನ್ನಿ, ಸಹಿ ಹೊಂದದಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಂಡು ಹಾಗೇ ನಮೂದು ಮಾಡಿಬಿಡುತ್ತೇವೆ, ಮುಂದೆ ನಿಮಗೆ ತೊಂದರೆಯೇ ಇರುವುದಿಲ್ಲ ಎಂದಿದ್ದಾರೆ.

ಹೆಬ್ಬೆಟ್ಟು! ತೀರ್ಥಹಳ್ಳಿಯ ಆ ಶಾಲೆಯಲ್ಲಿ ಓದಿದ ಯಾರನ್ನಾದರೂ ಕೇಳಿ. ಸುಶೀಲಮ್ಮ ಟೀಚರ ಬಾಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿರಲಿಲ್ಲ. ಕಾಪಿ ಬರೆಯದಿದ್ದರೆ ಹೆಬ್ಬೆಟ್ಟು, ಗೆರೆ ಬಿಟ್ಟು ಬರೆದರೆ ಹೆಬ್ಬೆಟ್ಟು. ನನ್ನನ್ನಂತೂ ಹೆಸರು ಹಿಡಿದು ಕರೆದದ್ದಕ್ಕಿಂತ ಹಾಗೆ ಕರೆದದ್ದೇ ಹೆಚ್ಚು. ಆ ಮಾತನ್ನು ನಲವತ್ತು ವರ್ಷ ಊರಿಗೆಲ್ಲ ಹಂಚಿದವರ ಮುಂದೆ ಈಗ ಯಾರೋ ನೀಲಿ ಶಾಯಿಯ ಪ್ಯಾಡು ತಂದಿಟ್ಟಿದ್ದರು. ನಾನು ಒಳ್ಳೆಯವಳಾಗಿದ್ದರೆ ಕೂಡಲೇ ಮರುಗಬೇಕಿತ್ತು. ನಿಜ ಹೇಳುತ್ತೇನೆ, ಮೊದಲ ಒಂದು ಕ್ಷಣ ನನಗೆ ಸಮಾಧಾನವಾಯಿತು. ಮರುಗಿದ್ದು ಎರಡನೆಯ ಕ್ಷಣದಲ್ಲಿ.

"ದಪ್ಪದ್ದು ಬೇಕು. ಭಾರ ಇರ್ಬೇಕು. ಮರ ನಾನೇ ತಂದಿದೀನಿ" ಎಂದು ಚೀಲದಿಂದ ಇನ್ನೊಂದು ವಸ್ತು ತೆಗೆದರು. ಅವರ ರೂಲುದೊಣ್ಣೆ. ಬೀಟೆ ಮರದ್ದು, ಹೆಬ್ಬೆರಳಿಗಿಂತ ದಪ್ಪ. ಗೆರೆ ಎಳೆಯಲೆಂದು ಮಾಡಿದ ಆ ವಸ್ತುವನ್ನು ಹೆಚ್ಚಾಗಿ ನಾನು ಬೆರಳ ಗೆಣ್ಣಿನ ಮೇಲೆಯೇ ಕಂಡದ್ದು. ಮುಕ್ಕಾಲು ಭಾಗ ಹುಳ ಕೊರೆದಿತ್ತು. ಗಟ್ಟಿಯಾಗಿ ಉಳಿದದ್ದು ಒಂದು ತುದಿಯಲ್ಲಿ ಗೇಣಿಗಿಂತ ಕಡಿಮೆ. ಒಂದೇ ಒಂದು ಪೆನ್ನಿಗೆ ಸಾಕು, ಎರಡನೆಯ ಅವಕಾಶವಿಲ್ಲ. ಬೇರೆ ಮರ ಕೊಡುತ್ತೇನೆ ಎಂದೆ. "ನನ್ನ ಕೈಗೆ ಇದು ಗೊತ್ತು" ಎಂದರು. ಅಲ್ಲಿಗೆ ಮಾತು ಮುಗಿಯಿತು. ನನ್ನೊಡನೆ ಒಂದೇ ಸುತ್ತಿನಲ್ಲಿ ಚೌಕಾಸಿ ಮುಗಿಸಿದ ಏಕೈಕ ಗಿರಾಕಿ.

"ಮೊದ್ಲು ಇದನ್ನ ಚೌಕ ಮಾಡ್ತೀನಿ" ಎಂದು ವಿವರಿಸಿದೆ.

"ಗುಂಡಗಿದ್ಯಲ್ಲೇ!"

"ಮತ್ತೆ ಗುಂಡಗೆ ಮಾಡ್ತೀನಿ."

ಟೀಚರು ನನ್ನನ್ನು ಹಳೆಯ ನೋಟದಲ್ಲಿ ನೋಡಿದರು. ಲೆಕ್ಕ ತಪ್ಪಾದಾಗ ನೋಡುತ್ತಿದ್ದ ನೋಟ.

ಶುಕ್ರವಾರ ಚೌಕ ಮಾಡಿದೆ, ಮೂಲೆಮಟ್ಟ ಇಟ್ಟು ನಾಲ್ಕು ಸಲ ನೋಡಿದೆ. ತೂತು ಕೊರೆದೆ, ಕೊಳವೆ ಕೂರಿಸಿದೆ. ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ತುದಿ ತರಿಯಲು ಕುಳಿತೆ. ಹಲ್ಲುಗಳನ್ನು ಹೊಸದಾಗಿ ಮಸೆದಿದ್ದೆ. ಮೊಂಡಾದರೆ ಮರ ಸೀಳುತ್ತದೆ, ಬೀಟೆಯಂತೂ ಮುನಿಸಿನ ಮರ. ಮೊದಲ ತುದಿ ಸರಿಯಾಗಿ ಬಂತು. ಎರಡನೆಯದರಲ್ಲಿ ಹಿತ್ತಾಳೆ ಅರ್ಧ ಹೊಳೆಯಿತು, ಮುಕ್ಕಾಲು ಹೊಳೆಯಿತು, ಉಂಗುರ ಕೂಡಿತು. ನಿಲ್ಲಿಸು ಎಂದು ನನಗೆ ನಾನೇ ಹೇಳಿದ್ದು ನೆನಪಿದೆ. ಒಂದು ಕಡೆ ಚೂರು ಮಸುಕಾಗಿ ಕಂಡ ಹಾಗಾಯಿತು. ಟೀಚರ ಕಣ್ಣು ಬೇರೆ ನೆನಪಾಯಿತು. ಇನ್ನೊಂದು ಸುತ್ತು, ಅಷ್ಟೇ ಎಂದುಕೊಂಡೆ. ಹೊಸದಾಗಿ ಮಸೆದ ಹಲ್ಲು ಆ ಒಂದು ಸುತ್ತಿನಲ್ಲಿ ಮೂರು ಸುತ್ತಿನ ಕೆಲಸ ಮಾಡಿತು.

ಕಡೆದು, ಉಜ್ಜಿ, ಹೊಳಪು ಕೊಟ್ಟು, ಜೋಡಿಸಿದೆ. ಕಪ್ಪುಗೆರೆಗಳ ಬೀಟೆ ಕನ್ನಡಿಯಂತೆ ಮಿಂಚಿತು. ತಿರುಗಿಸಿದೆ. ಮೊನೆ ಹೊರಗೆ ಬಂತು. ಇನ್ನೊಮ್ಮೆ ತಿರುಗಿಸಿದೆ. ಮೊನೆ ಒಳಗೆ ಹೋಗಲಿಲ್ಲ.

ನಮ್ಮ ಯಜಮಾನರು ಇಣುಕಿ, "ಒಂದು ಬಳೆ ತೊಡ್ಸು, ಹೊಸ ಡಿಸೈನ್ ಅನ್ನು" ಎಂದರು. ಇಪ್ಪತ್ತು ವರ್ಷ ಜೊತೆಗಿದ್ದರೆ ಗಂಡಸರು ಒಳ್ಳೆಯದನ್ನೇನೂ ಕಲಿಯುವುದಿಲ್ಲ. ಬಳೆ ತೊಡಿಸಬೇಕಾದರೆ ಜೋಡಿಸಿದ್ದನ್ನು ಬಿಚ್ಚಬೇಕು, ಬಿಚ್ಚುವಾಗ ತುದಿ ಸೀಳಿದರೆ ಮರವೇ ಇಲ್ಲ. ಹಾಗೇ ಪೆಟ್ಟಿಗೆಯಲ್ಲಿಟ್ಟು, ಸೋಮವಾರ ಬೆಳಗಿನ ತೀರ್ಥಹಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧಮಾಡಿಕೊಂಡೆ.

ಟೀಚರು ತಮ್ಮ ಮನೆಯಲ್ಲಿ ಪೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲು ಸಂದು ನೋಡಿದರು. ಉಗುರು ಆಡಿಸಿ ನೋಡಿದರು. "ಅಂಚು ನೇರ ಇದೆ" ಎಂದರು. ನಲವತ್ತು ವರ್ಷದಲ್ಲಿ ಅವರಿಂದ ನನಗೆ ಸಿಕ್ಕ ಮೊದಲ ರೈಟ್ ಗುರುತು. ಆಮೇಲೆ ತಿರುಗಿಸಿದರು.

"ಇದು ಒಳಗೆ ಹೋಗಲ್ವಲ್ಲ?"

"ಇದು ಹೊಸ ಮಾದರಿ ಟೀಚರೇ. ತಿರುಗಿಸೋ ತಾಪತ್ರಯನೇ ಇಲ್ಲ, ಸೀದಾ..."

"ಸುಳ್ಳು ಹೇಳ್ಬೇಡ. ಎಷ್ಟು ಹೆಚ್ಚು ಕೆರೆದೆ?"

"ಒಂದೇ ಸುತ್ತು."

"ಆವಾಗ್ಲೂ ಹಿಂಗೇ. ಸರಿ ಬರ್ದಿದ್ದನ್ನೂ ರಬ್ಬರ್ ಹಾಕಿ ಉಜ್ಜಿ ಉಜ್ಜಿ ಹಾಳೆ ತೂತು ಮಾಡ್ತಿದ್ದೆ." ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ತೂಗಿ ನೋಡಿದರು. "ಹೋಗ್ಲಿ, ಇದೇ ಒಳ್ಳೇದು. ತಿರುಗಿಸೋಕೆ ನನ್ ಬೆರಳಲ್ಲಿ ಎಲ್ಲಿ ಆಗ್ತದೆ? ನಡಿ."

ಬ್ಯಾಂಕಿನ ಅಧಿಕಾರಿ ಒಳ್ಳೆಯ ಹುಡುಗ, ಬೇರೆ ಕಡೆಯಿಂದ ಬಂದವನು. "ಸುಮ್ನೆ ಯಾಕಮ್ಮಾ ತ್ರಾಸು? ಹೆಬ್ಬೆಟ್ಟು ಒತ್ತಿಬಿಡಿ, ಒಂದ್ನಿಮಿಷದ ಕೆಲ್ಸ" ಎಂದು ನಗುತ್ತಲೇ ಪ್ಯಾಡು ಸರಿಸಿದ. ಟೀಚರು ಪ್ಯಾಡಿನ ಮುಚ್ಚಳ ಹಾಕಿದರು. ಫಾರಂ ಎಳೆದುಕೊಂಡರು. ಸಹಿಗೆಂದು ಬಿಟ್ಟ ಜಾಗ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಚೌಕ.

"ಈ ಚೌಕ ಹಾಕಿದವ್ರು ಯಾರಪ್ಪ? ಅವ್ರಿಗೆ ಅಜ್ಜಿ ಇರ್ಲಿಲ್ವಾ?"

ದಪ್ಪ ಪೆನ್ನು ಕೈಯಲ್ಲಿ ನಿಂತಿತು, ಜಾರಲಿಲ್ಲ. ಆದರೆ ಪೆನ್ನು ನಿಂತರೆ ಕೈ ನಿಲ್ಲುತ್ತದೆಯೇ? ಸುಶೀಲಾ ಎಂದು ಶುರುವಾದದ್ದು ಇನಿಷಿಯಲ್ಲು, ಊರಿನ ಹೆಸರು ಎಲ್ಲ ಸೇರುವಷ್ಟರಲ್ಲಿ ಚೌಕದ ಗೋಡೆ ಹಾರಿ ಪಕ್ಕದ ಸಾಲಿಗೆ ಹೋಗಿ ಬಿದ್ದಿತು. ಹಳೆಯ ಸಹಿಯನ್ನು ಅವನು ಪರದೆಯ ಮೇಲೆ ತೋರಿಸಿದ. ಮುತ್ತು ಪೋಣಿಸಿದಂಥ ಅಕ್ಷರ. ಟೀಚರು ಅದನ್ನು ಯಾರದೋ ಕಾಪಿ ಪುಸ್ತಕ ನೋಡುವಂತೆ ಸ್ವಲ್ಪ ಹೊತ್ತು ನೋಡಿದರು. ನನಗೆ ಆ ಮುಖ ನೋಡಲಾಗಲಿಲ್ಲ. ನೋಡಲಾಗದಿದ್ದಾಗ ನಾನು ಚೌಕಾಸಿಗೆ ಇಳಿಯುತ್ತೇನೆ.

"ನೋಡಿ ಸ್ವಾಮಿ, ಹಳೇದಕ್ಕೆ ಯಾಕೆ ಹೊಂದಿಸ್ತೀರಿ? ಹೊಸ ಸಹಿ ತಗಳ್ಳಿ."

"ತಗೋಬಹುದು ಮೇಡಂ. ಆದ್ರೆ ಮೂರು ಸಲ ಮಾಡ್ಬೇಕು, ಮೂರೂ ಒಂದೇ ಥರ ಬರ್ಬೇಕು. ಮುಂದೆನೂ ಹಂಗೇ ಬರ್ಬೇಕು."

ಮೂರು ಸಲ ಮಾಡಿದರು. ಮೂರು ಮೂರು ಥರ. ಅಧಿಕಾರಿಯ ಕಣ್ಣು ಮತ್ತೆ ಪ್ಯಾಡಿನ ಕಡೆ ಹೋಯಿತು. ಆಗ ಟೀಚರು ಹಾಳೆಯನ್ನು ಹತ್ತಿರ ಎಳೆದುಕೊಂಡು ತಮ್ಮ ಮೂರು ಸಹಿಗಳನ್ನು ತಾವೇ ತಿದ್ದಲು ಕುಳಿತವರಂತೆ ನೋಡಿದರು. ಮೂರರಲ್ಲೂ ಮೊದಲ ಅಕ್ಷರ ಒಂದೇ ಥರ ಇತ್ತು. ನಡುಕ ಶುರುವಾಗುತ್ತಿದ್ದುದು ಎರಡನೆಯ ಅಕ್ಷರದಿಂದ. ಮುಂದಿನದನ್ನೆಲ್ಲ ಬೆರಳಿನಿಂದ ಮುಚ್ಚಿ, "ಇಷ್ಟೇ ಇಟ್ಕೊಳ್ಳಪ್ಪ" ಎಂದರು. ಹೊಸ ಕಾರ್ಡಿನಲ್ಲಿ ಬರೆದರು: ಸು. ಪಕ್ಕದಲ್ಲಿ: ಸು. ಕೆಳಗೆ: ಸು. ಮೂರೂ ಚೌಕದೊಳಗೆ.

"ಒಂದೇ ಅಕ್ಷರಾನಾ?" ಎಂದು ಅವನು ತಲೆ ಕೆರೆದುಕೊಂಡ. ಈಗ ಚೌಕಾಸಿಗೆ ಮತ್ತೆ ನನ್ನ ಸರದಿ. ಗೋಡೆಯ ಮೇಲೆ ಅವರ ಮೇಲಧಿಕಾರಿಯ ಸಹಿಯಿರುವ ನೋಟೀಸು ಅಂಟಿಸಿದ್ದರು. "ಅಲ್ಲಿ ನೋಡಿ. ಆ ಸಹಿಲಿ ಎಷ್ಟು ಅಕ್ಷರ ಇದೆ, ಓದಿ ಹೇಳಿ" ಎಂದೆ. ಕೆಸರುಗದ್ದೆಯಲ್ಲಿ ಏಡಿ ಓಡಿದಂತಿದ್ದ ಆ ಗೀರನ್ನು ಅವನು ತಲೆಯೋರೆ ಮಾಡಿ ನೋಡಿದ. ನಕ್ಕ. ಕಾರ್ಡು ತೆಗೆದುಕೊಂಡ.

ಗೆದ್ದ ಹುರುಪಿನಲ್ಲಿ ನಾನು, "ಟೀಚರೇ, ಕೊಂಬು ಯಾಕೆ? ಅದನ್ನೂ ತೆಗೆದು ಬರೀ 'ಸ' ಮಾಡಿದ್ರೆ ಇನ್ನೂ ಸಲೀಸು" ಎಂದೆ.

"ಸಾಕು. ಬಾಯ್ಮುಚ್ಚು" ಎಂದರು ಟೀಚರು.

ಆಮೇಲಿನ ಸುದ್ದಿ ಬಂದದ್ದು ಫೋನಿನಲ್ಲಿ. ಟೀಚರು ಈಗ ಸಿಕ್ಕಿದ್ದಕ್ಕೆಲ್ಲ ಸಹಿ ಹಾಕುತ್ತಾರಂತೆ. ಕೊರಿಯರಿಗೆ, ಗ್ಯಾಸಿನ ಚೀಟಿಗೆ, ಬೀದಿದೀಪದ ಅರ್ಜಿಗೆ. ಪೆನ್ನು ನೋಡಿದ ಅವರ ಓರಗೆಯವರು ಮೂವರು ನನ್ನ ನಂಬರು ಪಡೆದುಕೊಂಡಿದ್ದಾರೆ, ಮೂವರದೂ ಕೈ ನಡುಗುತ್ತದೆ. ಅವರಲ್ಲೊಬ್ಬರು ನಿವೃತ್ತ ಗುಮಾಸ್ತರು, ಸ್ಪಷ್ಟವಾಗಿ ಹೇಳಿದರು: "ಸುಶೀಲಮ್ಮನೋರ ಪೆನ್ನಲ್ಲಿ ಎಷ್ಟು ತಪ್ಪು ಮಾಡಿದೀರೋ ಅಷ್ಟೇ ತಪ್ಪು ಮಾಡಿ ಕೊಡ್ಬೇಕು ನೋಡಿ. ಕಡ್ಮೆ ಬೇಡ, ಜಾಸ್ತಿನೂ ಬೇಡ."

ಬೇಕೆಂದೇ ಅಳತೆಗೆ ಸರಿಯಾಗಿ ತಪ್ಪು ಮಾಡುವುದು ಎಷ್ಟು ಕಷ್ಟವೆಂದು ಈಗ ತಿಳಿಯುತ್ತಿದೆ. ಎರಡು ತುಂಡು ಹಾಳಾದವು; ಒಂದರಲ್ಲಿ ಮೊನೆ ನೆಟ್ಟಗೆ ಒಳಗೆ ಹೋಗಿ ಕುಳಿತಿತು, ಎಲ್ಲ ಸರಿಯಾಗಿಬಿಟ್ಟಿತ್ತು. ಆದರೂ ಬಿಡುವುದಿಲ್ಲ. ಇಷ್ಟು ವರ್ಷ ಸರಿಯಾಗಿ ಮಾಡಿದ ಪ್ರತಿಯೊಂದಕ್ಕೂ ಗಿರಾಕಿಗಳು ನನ್ನೊಡನೆ ಚೌಕಾಸಿ ಮಾಡಿದ್ದಾರೆ. ಈ ತಪ್ಪಿಗೆ ಮಾತ್ರ ಇದುವರೆಗೆ ಒಬ್ಬರೂ ಒಂದು ರೂಪಾಯಿ ಕಡಿಮೆ ಕೇಳಿಲ್ಲ.